ಎಲೆ ನೋಡಿ ಹೆಸರಿಡಬೇಡಿ, ಕಾಯಿ ನೋಡಿ

ಮಾನ್ಯ ಸಂಪಾದಕರೆ,

ಮುಂಗಾರು ಹಿಡಿದು ಹದಿನೈದು ದಿನ ಕಳೆದರೆ ಸಾಕು, ಧಾರವಾಡ, ಗದಗ, ಹಾವೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊ ಓಡಾಡತೊಡಗುತ್ತದೆ. ಬೇಲಿಗುಂಟ ಎದೆಮಟ್ಟ ಬೆಳೆದ ಗಿಡ, ಗಜ್ಜರಿ ಎಲೆಯಂತೆ ಸೀಳಿದ ಎಲೆ, ತುದಿಯಲ್ಲಿ ಬೆಳ್ಳಗಿನ ಸಣ್ಣ ಸಣ್ಣ ಹೂವು. ಕೆಳಗೆ ಪ್ರಶ್ನೆ: ಇದು ಕಾಡು ಗಜ್ಜರಿಯೋ, ಕಾಡು ಸಬ್ಬಸಗಿಯೋ, ಪಲ್ಲೆ ಮಾಡಲು ಬರುತ್ತದೆಯೋ? ಅರ್ಧ ತಾಸಿನೊಳಗೆ ಹತ್ತು ಉತ್ತರ ಬಂದಿರುತ್ತವೆ. ಒಬ್ಬರು ಅಜಮೋದ ಎನ್ನುತ್ತಾರೆ, ಇನ್ನೊಬ್ಬರು ಮೊಬೈಲ್ ಆ್ಯಪ್ ತೋರಿಸಿದ ಇಂಗ್ಲಿಷ್ ಹೆಸರು ಹಾಕುತ್ತಾರೆ, ಮತ್ತೊಬ್ಬರು ಮೊಣಕಾಲು ನೋವಿಗೆ ಮದ್ದು ಎನ್ನುತ್ತಾರೆ. ಈ ಉತ್ತರಗಳೆಲ್ಲ ಎಲೆಯನ್ನಷ್ಟೇ ನೋಡಿ ಕೊಟ್ಟವು. ಗಜ್ಜರಿ ಕುಟುಂಬದ ಗಿಡಗಳನ್ನು ಎಲೆಯಿಂದ ಗುರುತಿಸಲು ಹೊರಟರೆ ಹತ್ತರಲ್ಲಿ ಒಂಬತ್ತು ಸಲ ತಪ್ಪುತ್ತೇವೆ. ಮಳೆಗಾಲದ ಸೊಪ್ಪುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲೂ ಎಲೆಯ ಫೋಟೊ ಮಾತ್ರ ಇರುವುದರಿಂದ ಈ ಪತ್ರ ಬರೆಯಬೇಕಾಯಿತು.

ಫೋಟೊದಲ್ಲಿರುವ ಆ ಗಿಡ ಬಹುತೇಕ ಸಲ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಮರಾಠಿಯಲ್ಲಿ ಅದಕ್ಕೆ ಗಾಜರ ಗವತ ಎನ್ನುತ್ತಾರೆ, ಇಂಗ್ಲಿಷಿನಲ್ಲೂ ಕ್ಯಾರೆಟ್ ಗ್ರಾಸ್ ಎಂಬ ಹೆಸರಿದೆ. ಗೊಂದಲ ಹುಟ್ಟಿದ್ದೇ ಇಲ್ಲಿ. ಹೆಸರಿನಲ್ಲಿ ಗಜ್ಜರಿ ಇದ್ದರೂ ಗಜ್ಜರಿ ಕುಟುಂಬಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಸೂರ್ಯಕಾಂತಿ, ಕುಸುಬಿ, ಸೇವಂತಿಗೆಗಳ ಕುಟುಂಬದ್ದು. ಅಮೆರಿಕ ಖಂಡದಿಂದ ಬಂದ ಈ ಕಳೆ ಭಾರತದಲ್ಲಿ ಮೊದಲು ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂತೆಂಬುದು ಸಾಮಾನ್ಯ ಅಭಿಪ್ರಾಯ. ಇವತ್ತು ನಮ್ಮಲ್ಲಿ ಅದಿಲ್ಲದ ಬೇಲಿ, ಹಾಳು ಜಾಗ, ರೈಲು ಹಳಿಯ ಬದಿ ಹುಡುಕಿದರೂ ಸಿಗುವುದು ಕಷ್ಟ.

ಅದರ ಹೂವನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿದವರು ಮತ್ತೆ ಮೋಸ ಹೋಗುವುದಿಲ್ಲ. ನಾವು ಒಂದು ಹೂವು ಎಂದುಕೊಳ್ಳುವುದು ನಿಜವಾಗಿ ಹತ್ತಾರು ಹೂವುಗಳ ಒಂದು ಗುಂಡಿ. ಅಗಲ ನಾಲ್ಕು ಮಿಲಿಮೀಟರ್ ಸುಮಾರು. ಮೇಲಿನಿಂದ ನೋಡಿದರೆ ದುಂಡಗಿಲ್ಲ, ಐದು ಮೂಲೆಗಳಿರುತ್ತವೆ, ಪ್ರತಿ ಮೂಲೆಯಲ್ಲಿ ಒಂದೊಂದು ಚಿಕ್ಕ ಬಿಳಿ ನಾಲಗೆ. ಗುಂಡಿಯನ್ನು ಸೂಜಿಯಿಂದ ಬಿಡಿಸಿದರೆ ನಡುವೆ ಕಾಳು ಕಟ್ಟದ ಸಣ್ಣ ಹೂವುಗಳು, ಅಂಚಿನಲ್ಲಿ ಐದೇ ಐದು ಕಪ್ಪು ಕಾಳು. ಗುಂಡಿಗಳು ಹೊರಡುವ ಕಡ್ಡಿಗಳು ಒಂದೇ ಬಿಂದುವಿನಿಂದ ಹೊರಡುವುದಿಲ್ಲ. ಮರದ ಟೊಂಗೆಗಳಂತೆ ಒಂದರ ಮೇಲೊಂದು ಕವಲೊಡೆಯುತ್ತವೆ. ದಂಟಿನ ಮೇಲೂ ಎಲೆಯ ಮೇಲೂ ಮೆತ್ತನೆಯ ರೋಮ ಇರುತ್ತದೆ. ಎಲೆಯ ಬುಡ ದಂಟನ್ನು ಅಪ್ಪಿಕೊಂಡಿರುವುದಿಲ್ಲ.

ಕಾಂಗ್ರೆಸ್ ಕಸವನ್ನು ಬರಿಗೈಯಿಂದ ಹೊಸಕಿ ಮೂಸಿ ನೋಡಬಾರದು. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಹಲವರ ಚರ್ಮಕ್ಕೆ ತುರಿಕೆ, ಕೆಂಪು ದದ್ದು ತರುತ್ತದೆ. ಒಮ್ಮೆ ಅಲರ್ಜಿ ಹತ್ತಿದವರಿಗೆ ಮುಂದೆ ಸ್ವಲ್ಪ ತಾಗಿದರೂ ಏಳುತ್ತದೆ. ದನ ತಿಂದರೆ ಹಾಲು ಕಹಿಯಾಗುತ್ತದೆ. ಆದ್ದರಿಂದ ಗಿಡ ಗುರುತಿಸುವಾಗ ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಮೂಗು. ನಾಲಗೆಯ ಸರದಿ ಬರುವುದೇ ಬೇಡ. ಗೊತ್ತಿಲ್ಲದ ಗಿಡವನ್ನು ಚೂರು ಕಡಿದು ಉಗುಳಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆಯನ್ನು ಈ ಕುಟುಂಬದ ಮಟ್ಟಿಗಂತೂ ಬಿಟ್ಟುಬಿಡಬೇಕು. ಯಾಕೆ ಎಂಬುದನ್ನು ಕೆಳಗೆ ಬರೆದಿದ್ದೇನೆ.

ಹಾಗಾದರೆ ಗಜ್ಜರಿ ಕುಟುಂಬವನ್ನು ಕಲಿಯುವುದು ಎಲ್ಲಿಂದ? ಕಾಡಿಗೆ ಹೋಗಬೇಕಿಲ್ಲ. ಅಡುಗೆಮನೆಯ ಮಸಾಲೆ ಡಬ್ಬಿ ತೆರೆಯಿರಿ. ಕೊತ್ತಂಬರಿ, ಜೀರಿಗೆ, ಅಜವಾನ, ಬಡೇಸೋಪು ನಾಲ್ಕೂ ಈ ಕುಟುಂಬದವೇ. ಇಂಗು ಇದೇ ಕುಟುಂಬದ ಒಂದು ಗಿಡದ ಬೇರಿನ ಹಾಲು ಒಣಗಿದ್ದು. ಪಲ್ಲೆ ಮಾರುವವರಲ್ಲಿ ಸಿಗುವ ಸಬ್ಬಸಗಿಯೂ ಇದೇ ಬಳಗ. ನಾವು ಬೀಜ, ಕಾಳು ಎಂದು ಕರೆಯುವ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೀಜಗಳಲ್ಲ, ಪೂರ್ತಿ ಒಣಗಿದ ಕಾಯಿಗಳು. ಕುಟುಂಬದ ಗುರುತು ಇರುವುದೇ ಈ ಕಾಯಿಯಲ್ಲಿ.

ಎಂಟು ಹತ್ತು ಬಡೇಸೋಪಿನ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಹಸಿರು ಬಣ್ಣದ, ಮುರಿಯದ, ತೊಟ್ಟು ಇನ್ನೂ ಅಂಟಿರುವ ಕಾಳನ್ನೇ ಆರಿಸಿ. ಹುರಿದು ಸಕ್ಕರೆ ಹಚ್ಚಿದ ಸೋಪು ಇದಕ್ಕೆ ಬಾರದು. ಬೆಳಿಗ್ಗೆ ಒಂದು ಕಾಳನ್ನು ಬಿಳಿ ಹಾಳೆಯ ಮೇಲಿಟ್ಟು ಉಗುರಿನಿಂದ ಉದ್ದಕ್ಕೆ ಮೆಲ್ಲಗೆ ಸೀಳಿದರೆ ಸರಿಯಾಗಿ ಎರಡು ಹೋಳಾಗುತ್ತದೆ. ನಡುವೆ ಕೂದಲಿನಂಥ ಒಂದು ಎಳೆ, ಮೇಲೆ ಕವೆಯಂತೆ ಎರಡಾಗಿ ಒಡೆದದ್ದು ಕಾಣಬಹುದು. ಹಣ್ಣಾದಾಗ ಎರಡು ಹೋಳುಗಳು ಈ ಕವೆಯ ಎರಡು ತುದಿಗೆ ನೇತಾಡುತ್ತವೆ. ಹೋಳಿನ ಬೆನ್ನ ಮೇಲೆ ಉದ್ದಕ್ಕೆ ಐದು ಏಣು. ಇನ್ನೊಂದು ಕಾಳನ್ನು ಹೊಸ ಬ್ಲೇಡಿನಿಂದ ಅಡ್ಡ ಕತ್ತರಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದರೆ ಪ್ರತಿ ಹೋಳಿನಲ್ಲಿ ಆರು ಕಂದು ಚುಕ್ಕೆ ಕಾಣುತ್ತವೆ. ಬೆನ್ನಿನ ಕಡೆ ಏಣುಗಳ ನಡುವೆ ನಾಲ್ಕು, ಹೋಳುಗಳು ಕೂಡುವ ಚಪ್ಪಟೆ ಮುಖದಲ್ಲಿ ಎರಡು. ಎಣ್ಣೆ ನಾಳಗಳು ಅವು. ಬಡೇಸೋಪಿನ ಪರಿಮಳವೆಲ್ಲ ಅಲ್ಲಿ ತುಂಬಿರುತ್ತದೆ. ಮೊಂಡು ಬ್ಲೇಡಿನಿಂದ ಕತ್ತರಿಸಿದರೆ ಕಾಳು ಜಜ್ಜಿ ನಾಳ ಒಡೆದು ಏನೂ ಕಾಣುವುದಿಲ್ಲ. ನೆನೆಹಾಕದೆ ಕತ್ತರಿಸಿದರೆ ಪುಡಿಯಾಗುತ್ತದೆ.

ಉಳಿದವುಗಳನ್ನೂ ಹೀಗೆಯೇ ಪಕ್ಕದಲ್ಲಿಟ್ಟು ನೋಡಬೇಕು. ಜೀರಿಗೆ ನಾಲ್ಕರಿಂದ ಆರು ಮಿಲಿಮೀಟರ್ ಉದ್ದ, ಏಣುಗಳ ಮೇಲೆ ಲೆನ್ಸಿಗಷ್ಟೇ ಕಾಣುವ ಬಿರುಸು ರೋಮ. ಅಜವಾನ ಎರಡು ಮಿಲಿಮೀಟರ್ ಸುಮಾರು, ಮೈ ತುಂಬ ಸಣ್ಣ ಗುಳ್ಳೆ, ಬೆರಳಿಗೆ ಒರಟು. ಕೊತ್ತಂಬರಿ ಗುಂಡಗೆ ಮೂರರಿಂದ ಐದು ಮಿಲಿಮೀಟರ್, ಎರಡು ಹೋಳು ಬಿಡಿಸಿಕೊಳ್ಳದೆ ಕೂಡಿಯೇ ಇರುತ್ತವೆ. ಕುಟ್ಟುವ ಮುನ್ನ ಒಡೆದು ನೋಡಿದರೆ ಮಾತ್ರ ಎರಡೆಂದು ಗೊತ್ತಾಗುತ್ತದೆ. ಸಬ್ಬಸಗಿಯದು ಚಪ್ಪಟೆ, ಅಂಚಿನ ಎರಡು ಏಣು ತೆಳ್ಳಗೆ ಚಾಚಿ ರೆಕ್ಕೆಯಾಗಿರುತ್ತವೆ. ಎಲೆಯಲ್ಲಿ ಒಂದನ್ನೊಂದು ಹೋಲುವ ಇವು ಕಾಯಿಯಲ್ಲಿ ಇಷ್ಟು ಬೇರೆ ಬೇರೆ. ಜಗತ್ತಿನಲ್ಲಿ ಈ ಕುಟುಂಬದ ಮೂರೂವರೆ ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ಸಸ್ಯಶಾಸ್ತ್ರಜ್ಞರು ಅವುಗಳನ್ನು ವಿಂಗಡಿಸುವಾಗ ಮೊದಲು ಕೇಳುವುದು ಮಾಗಿದ ಕಾಯಿಯನ್ನು.

ಇನ್ನು ಬೇಲಿಯ ಬದಿಯ ಜೀವಂತ ಗಿಡಕ್ಕೆ ಬರೋಣ. ಬಿಳಿ ಅಥವಾ ಹಳದಿ ಸಣ್ಣ ಹೂವಿನ ಗೊಂಚಲು ಕಂಡರೆ ಮೊದಲು ಗೊಂಚಲನ್ನು ಕೆಳಗಿನಿಂದ ನೋಡಿ. ಬಿಚ್ಚಿದ ಛತ್ರಿಯ ಕಡ್ಡಿಗಳಂತೆ ಎಲ್ಲ ಕಡ್ಡಿಗಳೂ ಒಂದೇ ಬಿಂದುವಿನಿಂದ ಹೊರಟಿವೆಯೇ? ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಛತ್ರಿ ಇದೆಯೇ? ಛತ್ರಿಯೊಳಗೆ ಛತ್ರಿ ಇದ್ದರೆ ಈ ಕುಟುಂಬ ಎನ್ನಲು ಅರ್ಧ ದಾರಿ ಸವೆದಂತೆ. ಕಡ್ಡಿಗಳು ಕೂಡುವ ಜಾಗದಲ್ಲಿ ಸಣ್ಣ ಎಲೆಗಳ ಬಳೆ ಇದೆಯೋ ಇಲ್ಲವೋ, ಪುಟ್ಟ ಛತ್ರಿಯ ಕೆಳಗೆ ಇದೆಯೋ ಇಲ್ಲವೋ, ಎರಡನ್ನೂ ಬರೆದುಕೊಳ್ಳಿ. ಸಬ್ಬಸಗಿ, ಬಡೇಸೋಪುಗಳಿಗೆ ಎರಡು ಕಡೆಯೂ ಇರುವುದಿಲ್ಲ. ಗಜ್ಜರಿಯ ದೊಡ್ಡ ಛತ್ರಿಯ ಕೆಳಗೆ ಸೀಳಿದ ಉದ್ದನೆಯ ಎಲೆಗಳ ಬಳೆಯೇ ಇರುತ್ತದೆ, ಕಾಯಿ ಮಾಗುವಾಗ ಇಡೀ ಛತ್ರಿ ಒಳಕ್ಕೆ ಮುದುಡಿ ಹಕ್ಕಿಯ ಗೂಡಿನಂತಾಗುತ್ತದೆ. ಗೊಂಚಲನ್ನು ಮೇಲಿನಿಂದಷ್ಟೇ ಫೋಟೊ ತೆಗೆದವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಎರಡನೆಯದು ಎಲೆಯ ಬುಡ. ಎಲೆಯ ತುದಿಯನ್ನು ನೋಡುವ ನಾವು ಬುಡವನ್ನು ನೋಡುವುದೇ ಇಲ್ಲ. ಈ ಕುಟುಂಬದಲ್ಲಿ ತೊಟ್ಟಿನ ಬುಡ ಅಗಲವಾಗಿ, ಕತ್ತಿಯ ಒರೆಯಂತೆ ದಂಟನ್ನು ಸುತ್ತಿಕೊಂಡಿರುತ್ತದೆ. ಮೇಲೆ ಹೋದಂತೆ ಎಲೆಯ ಭಾಗ ಸಣ್ಣದಾಗಿ ಕೊನೆಗೆ ಒರೆ ಮಾತ್ರ ಉಳಿದಂತೆ ಕಾಣುವುದೂ ಉಂಟು. ದಂಟಿನ ಮೇಲೆ ಉದ್ದಕ್ಕೆ ಗೀರುಗಳಿರುತ್ತವೆ. ಅಡ್ಡ ಕತ್ತರಿಸಿದರೆ ಹೆಚ್ಚಿನವು ಗೆಣ್ಣಿನಲ್ಲಿ ಗಟ್ಟಿ, ಗೆಣ್ಣುಗಳ ನಡುವೆ ಟೊಳ್ಳು. ಎಲೆಗಳು ಒಂದು ಈ ಕಡೆ, ಒಂದು ಆ ಕಡೆ ಹೊರಡುತ್ತವೆ, ಎದುರುಬದುರು ಜೋಡಿಯಾಗಿ ಅಲ್ಲ. ಈ ಒಂದು ಲಕ್ಷಣದಿಂದಲೇ ಬೇಲಿಯ ಲಂಟಾನವನ್ನು ಹೊರಗೆ ಹಾಕಬಹುದು. ಅದರ ಹೂಗೊಂಚಲು ಛತ್ರಿಯಂತೆ ಚಪ್ಪಟೆ ಕಂಡರೂ ಎಲೆ ಜೋಡಿಜೋಡಿ, ದಂಟಿಗೆ ಮುಳ್ಳು.

ಮೂರನೆಯದು ಹೂವು. ಐದು ಎಸಳು, ಐದು ಕೇಸರ, ಕಾಯಾಗುವ ಭಾಗ ಎಸಳುಗಳ ಕೆಳಗೆ, ತಲೆಯ ಮೇಲೆ ಎರಡು ಕೊಂಬು. ಮಾಗಿದ ಜೀರಿಗೆ, ಅಜವಾನದ ತುದಿಯಲ್ಲಿ ಈ ಎರಡು ಕೊಂಬಿನ ಮೋಟು ಉಳಿದಿರುವುದನ್ನು ಲೆನ್ಸಿನಲ್ಲಿ ಕಾಣಬಹುದು. ಛತ್ರಿ, ಒರೆ, ಎರಡು ಹೋಳಿನ ಏಣುಳ್ಳ ಕಾಯಿ, ಈ ಮೂರೂ ಕೂಡಿದರೆ ಕುಟುಂಬ ನಿಶ್ಚಯ. ಗಿಡದ ಹೆಸರು ಆಮೇಲೆ.

ಎಲೆ ಯಾಕೆ ಮೋಸ ಮಾಡುತ್ತದೆ ಎಂಬುದಕ್ಕೆ ಹಿಂಗಾರಿ ಹೊಲದ ಕೊತ್ತಂಬರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಿವುಡು ಕಟ್ಟಿ ಮಾರುವ ಎಳೆ ಕೊತ್ತಂಬರಿಯ ಎಲೆ ಅಗಲ, ಅಂಚು ಗರಗಸದಂತೆ. ಅದೇ ಗಿಡವನ್ನು ಕೀಳದೆ ಬಿಟ್ಟರೆ ಹೂವಿಗೆ ಬರುವ ಹೊತ್ತಿಗೆ ಮೇಲಿನ ಎಲೆಗಳು ದಾರದಂತೆ ಸಪೂರವಾಗುತ್ತವೆ, ಸಬ್ಬಸಗಿಯೋ ಎಂದು ಅನುಮಾನ ಬರುವಷ್ಟು. ಒಂದೇ ಗಿಡದಲ್ಲಿ ಎರಡು ಬಗೆಯ ಎಲೆ. ಮೇಲಿನ ಎಲೆಯ ಫೋಟೊ ಕಳಿಸಿದವರಿಗೆ ಒಂದು ಹೆಸರು, ಬುಡದ ಎಲೆ ಕಳಿಸಿದವರಿಗೆ ಇನ್ನೊಂದು ಹೆಸರು ಸಿಗುವುದು ಇದರಿಂದಲೇ. ಇನ್ನು ದಾರದಂಥ ಎಲೆಯಿದ್ದರೆ ಸಬ್ಬಸಗಿ ಎನ್ನುವುದಾದರೆ ಬೇಲಿಗೆ ಹಬ್ಬಿದ ಕಾಮಲತೆಯೂ ಸಬ್ಬಸಗಿಯೇ ಆಗಬೇಕು. ಅದು ಕೆಂಪು ನಕ್ಷತ್ರದ ಹೂ ಬಿಡುವ ಬಳ್ಳಿ. ಹಲವು ಮಕ್ಕಳ ತಾಯಿಬೇರು ಎಂದು ನಮ್ಮಲ್ಲಿ ಕರೆಯುವ ಶತಾವರಿಯೂ ಬೇಲಿಯಲ್ಲಿ ಹಾಗೆಯೇ ಕಾಣುತ್ತದೆ, ಆದರೆ ದಂಟಿಗೆ ಮುಳ್ಳಿರುತ್ತದೆ.

ವಾಸನೆಯೂ ಅಷ್ಟೆ. ಹಿತ್ತಲಿನ ಕುಂಡದಲ್ಲಿರುವ ದೊಡ್ಡಪತ್ರೆಯನ್ನು ಹಲವು ಮನೆಗಳಲ್ಲಿ ಅಜವಾನದ ಗಿಡ ಎಂದೇ ಕರೆಯುತ್ತಾರೆ. ಎಲೆ ಚಿವುಟಿದರೆ ಘಮ ಅಜವಾನದ್ದೇ, ಯಾಕೆಂದರೆ ಎರಡರ ಎಣ್ಣೆಯಲ್ಲೂ ಒಂದೇ ಬಗೆಯ ವಸ್ತುಗಳಿವೆ. ಆದರೆ ದೊಡ್ಡಪತ್ರೆಯದು ತುಳಸಿಯ ಕುಟುಂಬ. ದಪ್ಪ ಎಲೆಗಳು ಎದುರುಬದುರು ಜೋಡಿ, ಅದರ ಹೂವಿನಲ್ಲಿ ಛತ್ರಿಯಿಲ್ಲ. ಡಬ್ಬಿಗೆ ಬರುವ ಅಜವಾನ ಆ ಗಿಡದಲ್ಲಿ ಎಂದೂ ಬಿಡುವುದಿಲ್ಲ. ಹೆಸರು ಇನ್ನೂ ದೊಡ್ಡ ಮೋಸಗಾರ. ಜೀರಿಗೆ ಈ ಕುಟುಂಬದ್ದು, ಶಾಹಿ ಜೀರಿಗೆಯೂ ಹೌದು. ಕಾಳಜೀರಿಗೆ ಅಲ್ಲ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾಳು ಸಿಗುತ್ತವೆ, ಎರಡೂ ಹೊರಗಿನವು.

ಹಾಗಾದರೆ ನಮ್ಮ ಬೇಲಿ, ಬದು, ಕಾಲುವೆಗಳ ಬದಿಯಲ್ಲಿ ಈ ಕುಟುಂಬದ್ದೆಂದು ನಿಜವಾಗಿ ಸಿಗುವುದು ಯಾವುದು? ಸೊಂಟಮಟ್ಟದ, ನೀಲಿಹಸಿರು ನುಣುಪು ದಂಟಿನ, ಹಳದಿ ಹೂವಿನ ಗಿಡವಿದ್ದರೆ ಅದು ಹೊಲದಿಂದ ತಪ್ಪಿಸಿಕೊಂಡ ಸಬ್ಬಸಗಿ ಇದ್ದೀತು. ಕಣ ಮಾಡಿದ ಜಾಗ, ತಿಪ್ಪೆಯ ಬದಿ, ತರಕಾರಿ ತೋಟದ ಅಂಚಿನಲ್ಲಿ ಉದುರಿದ ಕಾಳಿನಿಂದ ಹುಟ್ಟುತ್ತದೆ. ಕೊತ್ತಂಬರಿಯೂ ಹಾಗೆಯೇ ಹುಟ್ಟುತ್ತದೆ. ಅದರ ಹೂವು ಬಿಳಿ ಇಲ್ಲವೆ ತಿಳಿ ಗುಲಾಬಿ, ಗೊಂಚಲಿನ ಹೊರಅಂಚಿನ ಎಸಳುಗಳು ಮಾತ್ರ ದೊಡ್ಡವು. ಇವೆರಡನ್ನು ಕಾಡು ಎನ್ನುವುದು ತಪ್ಪು. ಬಿತ್ತದೆ ಬೆಳೆದವು ಅಷ್ಟೆ.

ಮೂರನೆಯದೇ ನಿಜವಾದ ಗೊಂದಲದ ಗಿಡ. ಚಳಿಗಾಲದಲ್ಲಿ ನೀರು ಹಾಯುವ ತೋಟ, ಹುಲ್ಲುಹಾಸು, ಕಾಲುವೆಯ ದಂಡೆ, ನರ್ಸರಿಯ ಚೀಲಗಳಲ್ಲಿ ಗೇಣುದ್ದದಿಂದ ಮೊಣಕಾಲುಮಟ್ಟ ಬೆಳೆಯುವ, ದಾರದೆಲೆಯ, ಬಿಳಿ ಚುಕ್ಕೆಯಂಥ ಹೂವಿನ ಒಂದು ಕಳೆ. ಸಸ್ಯಶಾಸ್ತ್ರದ ಹೆಸರು ಸೈಕ್ಲೊಸ್ಪರ್ಮಮ್ ಲೆಪ್ಟೊಫಿಲಮ್. ದಕ್ಷಿಣ ಅಮೆರಿಕ ಮೂಲದ್ದು. ಹಳೆಯ ಪುಸ್ತಕಗಳಲ್ಲಿ ಏಪಿಯಮ್ ಲೆಪ್ಟೊಫಿಲಮ್ ಎಂದಿರುತ್ತದೆ. ಸಬ್ಬಸಗಿ ಎಂದು ಕೀಳುವವರು ಹೂವಿನ ಬಣ್ಣ ನೋಡಿದರೆ ಸಾಕು, ಸಬ್ಬಸಗಿ ಹಳದಿ, ಇದು ಬಿಳಿ. ಅಜವಾನದಿಂದ ಬೇರೆ ಮಾಡಲು ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಎರಡಕ್ಕೂ ದಾರದೆಲೆ, ಬಿಳಿ ಹೂವು, ಎರಡು ಮಿಲಿಮೀಟರ್ ಆಸುಪಾಸಿನ ಕಾಯಿ. ಅಜವಾನದ ಛತ್ರಿಯ ಕೆಳಗೆ ಸಣ್ಣ ಎಲೆಗಳಿವೆ, ಇದಕ್ಕಿಲ್ಲ. ಅಜವಾನದ ಕಾಯಿಯ ಮೈ ಗುಳ್ಳೆಗುಳ್ಳೆ, ಇದರದು ನುಣುಪು, ಏಣು ದಪ್ಪ. ಅಜವಾನ ಹೊಸಕಿದರೆ ಮೂಗಿಗೆ ಹತ್ತುತ್ತದೆ, ಇದರದು ಮಂದ ವಾಸನೆ. ಇದನ್ನು ಪಲ್ಲೆಗೆ ಬಳಸಬೇಡಿ. ಅಷ್ಟು ರುಚಿಯೂ ಇಲ್ಲ, ಬೆಳೆಯುವ ಜಾಗವೂ ಚೊಕ್ಕಟವಲ್ಲ.

ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರ ಕಡೆಯ ಕಾಡಂಚಿಗೆ ಹೋದರೆ ಮಳೆಗಾಲದ ಕೊನೆಗೆ ಪಿಂಪಿನೆಲ್ಲ ಬಳಗದ ಬಿಳಿ ಛತ್ರಿಗಳು ಹುಲ್ಲಿನ ನಡುವೆ ಎದ್ದಿರುತ್ತವೆ. ಇದಕ್ಕೆ ಕಾಡು ಗಿಡ ಎಂಬ ಹೆಸರು ಸಲ್ಲುತ್ತದೆ. ಬುಡದ ಎಲೆಗಳು ಅಗಲ, ಮೇಲಿನವು ಸಪೂರ ಸೀಳು. ಕೊತ್ತಂಬರಿಗೆ ಹೇಳಿದ ಮಾತು ಇದಕ್ಕೂ ಸಲ್ಲುತ್ತದೆ. ಹೂವಿನ ಹೊತ್ತಿಗೆ ಬುಡದ ಎಲೆ ಒಣಗಿ ಹೋಗಿರಬಹುದು, ಆದ್ದರಿಂದ ಮಣ್ಣಿಗೆ ಅಂಟಿದ ಒಣ ಎಲೆಯನ್ನೂ ಬಿಡದೆ ನೋಡಬೇಕು. ಈ ಬಳಗದೊಳಗೆ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಮಾಗಿದ ಕಾಯಿಯಿಲ್ಲದೆ ಆಗದ ಕೆಲಸ. ಸುಮ್ಮನೆ ಬಳಗದ ಹೆಸರು ಬರೆದು ನಿಲ್ಲಿಸುವುದೇ ಪ್ರಾಮಾಣಿಕತೆ.

ಒಂದೆಲಗದ ಬಗ್ಗೆ ಬಿಡಿಸಿ ಬರೆಯಬೇಕು, ಯಾಕೆಂದರೆ ಜನ ನಿಜವಾಗಿ ಕಿತ್ತು ತಿನ್ನುವುದು ಇದನ್ನು. ದಾರದೆಲೆ ಇಲ್ಲ, ದೊಡ್ಡ ಛತ್ರಿ ಇಲ್ಲ, ಆದರೂ ಇದು ಗಜ್ಜರಿ ಕುಟುಂಬದ್ದೇ. ನೆಲಕ್ಕೆ ಹಬ್ಬುವ ಕೆಂಪು ಛಾಯೆಯ ಬಳ್ಳಿ, ಗೆಣ್ಣುಗೆಣ್ಣಿಗೆ ಬೇರು, ಅಲ್ಲಿಂದ ಏಳುವ ಉದ್ದ ತೊಟ್ಟಿನ ದುಂಡು ಎಲೆ. ಎಲೆಯ ಅಗಲ ಎರಡರಿಂದ ಐದು ಸೆಂಟಿಮೀಟರ್, ಅಂಚಿನಲ್ಲಿ ಮೊಂಡು ಹಲ್ಲು, ತೊಟ್ಟು ಸೇರುವಲ್ಲಿ ಆಳವಾದ ಕಚ್ಚು, ಅಲ್ಲಿಂದ ಬೀಸಣಿಗೆಯಂತೆ ನರಗಳು. ತೊಟ್ಟಿನ ಬುಡವನ್ನು ಬಿಡಿಸಿ ನೋಡಿ, ಅದೇ ಒರೆ. ಎಲೆಗಳ ಅಡಿ ಮಣ್ಣಿಗೆ ತಾಗಿದಂತೆ ಮೂರು ನಾಲ್ಕು ಕೆನ್ನೀಲಿ ಹೂವುಗಳ ಪುಟ್ಟ ಗೊಂಚಲು, ಆಮೇಲೆ ಚಪ್ಪಟೆಯ, ಏಣುಗಳ ನಡುವೆ ಬಲೆ ಹೆಣೆದಂತಿರುವ ಕಾಯಿ. ಹೆಚ್ಚಿನವರು ವರ್ಷಗಟ್ಟಲೆ ಒಂದೆಲಗ ಕಿತ್ತರೂ ಅದರ ಹೂವು ಕಂಡಿರುವುದಿಲ್ಲ.

ಗದಗ, ರೋಣ, ನವಲಗುಂದದ ಎರೆ ಹೊಲಗಳ ಬದುವಿನಲ್ಲಿ ಒಂದೆಲಗ ಎಂದು ಕೀಳುವುದು ಬಹಳ ಸಲ ಇಲಿಕಿವಿ. ಅದೂ ನೆಲಕ್ಕೆ ಹಬ್ಬಿ ಗೆಣ್ಣಿಗೆ ಬೇರು ಬಿಡುತ್ತದೆ, ಎಲೆಯೂ ಇಲಿಯ ಕಿವಿಯಂತೆ ದುಂಡು. ಆದರೆ ತೊಟ್ಟಿನ ಬುಡದಲ್ಲಿ ಒರೆಯಿಲ್ಲ, ಹೂವು ಹಳದಿ ಗಂಟೆಯಾಕಾರದ್ದು. ಅದು ಗೆಣಸಿನ ಕುಟುಂಬ. ಎರೆ ಮಣ್ಣು ಬಿರುಕು ಬಿಟ್ಟ ಒಣ ಬದುವಿನಲ್ಲಿ ಒಂದೆಲಗ ಹುಡುಕುವುದೇ ವ್ಯರ್ಥ, ಅದಕ್ಕೆ ಸದಾ ತೇವ ಬೇಕು. ಬ್ರಾಹ್ಮಿ ಎಂಬ ಹೆಸರಿನ ಜಗಳವೂ ಇದೆ. ನಮ್ಮ ಮನೆಗಳಲ್ಲಿ ಒಂದೆಲಗವೇ ಬ್ರಾಹ್ಮಿ. ಆಯುರ್ವೇದದ ಅಧಿಕೃತ ಪಟ್ಟಿಯಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಒಂದೆಲಗಕ್ಕೆ ಮಂಡೂಕಪರ್ಣಿ ಎಂಬ ಹೆಸರು. ನೀರುಬ್ರಾಹ್ಮಿಯ ಎಲೆ ಉಗುರಿನಷ್ಟು, ದಪ್ಪ, ಜೋಡಿಜೋಡಿ, ಎರಡಕ್ಕೂ ಕಣ್ಣಿಗೆ ಏನೇನೂ ಹೋಲಿಕೆಯಿಲ್ಲ. ವೈದ್ಯರು ಚೀಟಿಯಲ್ಲಿ ಬ್ರಾಹ್ಮಿ ಎಂದು ಬರೆದರೆ ಯಾವುದೆಂದು ಬಾಯಿಬಿಟ್ಟು ಕೇಳಿ.

ಒಂದೆಲಗದ ದೊಡ್ಡ ಅಪಾಯ ಹೋಲಿಕೆಯದಲ್ಲ, ಜಾಗದ್ದು. ಹುಬ್ಬಳ್ಳಿಯ ಉಣಕಲ್ ನಾಲೆಯಂಥ ಕೊಳಚೆ ಹರಿವಿನ ಬದಿಯಲ್ಲೂ ತೇವ ಸಿಕ್ಕರೆ ಸೊಂಪಾಗಿ ಬೆಳೆಯುತ್ತದೆ, ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರುತ್ತದೆ. ತೊಳೆದರೆ ಮೇಲಿನ ಕೆಸರು ಹೋಗುತ್ತದೆ, ಒಳಗೆ ಹೀರಿದ್ದು ಹೋಗುವುದಿಲ್ಲ. ಹಸಿ ತಂಬುಳಿ, ಚಟ್ನಿಗೆ ಬೇಕಿದ್ದರೆ ಮನೆಯಲ್ಲೇ ಬೆಳೆಸಿ. ಎರಡು ಗೆಣ್ಣಿರುವ ಬಳ್ಳಿಯ ತುಂಡು, ಅಗಲ ಬಾಯಿಯ ಕುಂಡ, ಅರ್ಧ ನೆರಳು, ದಿನಕ್ಕೊಮ್ಮೆ ನೀರು, ಇಷ್ಟು ಸಾಕು. ಬಿಸಿಲಿಗಿಟ್ಟರೆ ಎಲೆ ಸಣ್ಣದಾಗಿ ಕೆಂಪಾಗುತ್ತದೆ, ಒಂದು ದಿನ ನೀರು ತಪ್ಪಿದರೆ ಎಲೆ ಜೋಲುತ್ತದೆ.

ಯುರೋಪಿನ ಬೇಲಿಗಿಡಗಳ ವಿಡಿಯೊಗಳಿಗೆ ಕನ್ನಡ ಧ್ವನಿ ಕೊಟ್ಟು, ನಮ್ಮೂರಿನ ಬೇಲಿಯಲ್ಲಿ ಹೆಮ್ಲಾಕ್ ಇದೆ ಎಂದು ಹೆದರಿಸುವುದೂ ಈಚೆಗೆ ನಡೆದಿದೆ. ಹೆಮ್ಲಾಕ್ ಗಜ್ಜರಿ ಕುಟುಂಬದ್ದೇ, ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ ವಿಷ ಅದು. ಅಲ್ಲಿಯ ಬೇಲಿಗಳಲ್ಲಿ ತಿನ್ನುವ ಗಿಡದ ಪಕ್ಕದಲ್ಲೇ ಅದು ಬೆಳೆಯುತ್ತದೆ. ರೋಮವಿಲ್ಲದ ಟೊಳ್ಳು ದಂಟಿನ ಮೇಲೆ ನೇರಳೆ ಮಚ್ಚೆ, ಹೊಸಕಿದರೆ ಇಲಿ ಮೂತ್ರದಂಥ ನಾತ, ಕಾಯಿಯ ಏಣುಗಳು ಅಲೆಅಲೆ. ತಂಪು ಹವೆಯ ಗಿಡವಾದ್ದರಿಂದ ನಮ್ಮ ದೇಶದಲ್ಲಿ ಅದು ಕಾಶ್ಮೀರದ ಕಡೆಯದು, ಧಾರವಾಡದ ಬಯಲಿನದಲ್ಲ. ಆದರೂ ಈ ಕುಟುಂಬದಲ್ಲಿ ಅಡುಗೆಯ ಗಿಡಕ್ಕೂ ಕೊಲ್ಲುವ ಗಿಡಕ್ಕೂ ಎಲೆಯಲ್ಲಿ ಇರುವ ಅಂತರ ಎಷ್ಟು ಸಣ್ಣದು ಎಂಬುದಕ್ಕೆ ಅದು ಸಾಕ್ಷಿ. ಚೂರು ಕಡಿದು ನೋಡುವ ಚಾಳಿ ಬೇಡ ಎಂದು ಮೇಲೆ ಬರೆದದ್ದು ಇದಕ್ಕೇ. ಬೆಟ್ಟದ ಪ್ರವಾಸಕ್ಕೆ ಹೋದವರು ಅಲ್ಲಿ ಕಂಡ ಅಜವಾನದಂಥ ಕಾಳನ್ನು ಚೀಲಕ್ಕೆ ಹಾಕಿಕೊಂಡು ಬರುವುದಂತೂ ಖಂಡಿತ ಕೂಡದು.

ಯಾರಿಗಾದರೂ ಫೋಟೊ ಕಳಿಸಿ ಕೇಳುವುದಾದರೆ ಐದು ಫೋಟೊ ಬೇಕು. ಇಡೀ ಗಿಡ, ಬುಡದ ಎಲೆ, ಎಲೆಯ ತೊಟ್ಟು ದಂಟಿಗೆ ಸೇರುವ ಜಾಗ, ಗೊಂಚಲಿನ ಅಡಿಭಾಗ, ಮಾಗಿದ ಕಾಯಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ, ಅದರ ಅಗಲ 27 ಮಿಲಿಮೀಟರ್. ಗಾಳಿಗೆ ಗೊಂಚಲು ಅಲ್ಲಾಡಿ ಮಸುಕಾಗುತ್ತದೆ, ಒಂದು ಕೈಯಿಂದ ದಂಟು ಹಿಡಿದು ಅಂಗೈ ಇಲ್ಲವೆ ಬಿಳಿ ಹಾಳೆಯನ್ನು ಹಿಂದೆ ಹಿಡಿಯಿರಿ. ಬಯಲಲ್ಲಿಟ್ಟು ತೆಗೆದ ಎಲೆಯ ಒಂದು ಫೋಟೊಕ್ಕೆ ಆ್ಯಪ್ ಖಚಿತವಾದ ಹೆಸರು ಕೊಟ್ಟಂತೆ ಕಂಡರೂ ಅದನ್ನು ನಂಬಿ ಪಾತ್ರೆ ಒಲೆಯ ಮೇಲೆ ಇಡಬೇಡಿ. ಹೂವಷ್ಟೇ ಇದ್ದು ಕಾಯಿ ಬಂದಿಲ್ಲವೆಂದರೆ ಗಿಡಕ್ಕೆ ಒಂದು ಚಿಂದಿ ಕಟ್ಟಿಟ್ಟು ಮೂರು ನಾಲ್ಕು ವಾರ ಬಿಟ್ಟು ಮತ್ತೆ ಹೋಗಿ ನೋಡಿ.

ಗಿಡವನ್ನೇ ಒಯ್ದು ತೋರಿಸುವುದು ಇನ್ನೂ ಒಳ್ಳೆಯದು. ಬೇರು ಸಮೇತ ಎತ್ತಿ, ಮಣ್ಣು ಕೊಡವಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ. ಒಂದೆರಡು ಎಲೆಯನ್ನು ಮಗುಚಿ ಅಡಿಭಾಗ ಕಾಣುವಂತಿಡಿ. ಗಿಡ ಉದ್ದವಿದ್ದರೆ ವಿ ಆಕಾರದಲ್ಲಿ ಮಡಚಿ. ನಮ್ಮ ದೇಶದ ಸಸ್ಯಾಲಯಗಳಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಕಾಯ್ದಿಡುವ ಸಂಗ್ರಹಗಳಲ್ಲಿ, ಗಿಡ ಅಂಟಿಸುವ ಹಾಳೆ 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ, ಅದರೊಳಗೆ ಕೂಡಬೇಕು. ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಮೊದಲ ವಾರ ದಿನಾ ಹಾಳೆ ಬದಲಿಸಿ. ಮಳೆಗಾಲದಲ್ಲಿ ಇಲ್ಲೇ ಎಡವುವುದು, ಎರಡು ದಿನ ಮರೆತರೆ ಎಲೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಉದುರುವ ಕಾಯಿಗಳನ್ನು ಕಾಗದದ ಚಿಕ್ಕ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಲಗತ್ತಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಸ್ಸಿನಲ್ಲಿ ತಂದರೆ ಗಿಡ ಬೆವತು ಮುದ್ದೆಯಾಗುತ್ತದೆ. ಹೂವಿನ ಬಣ್ಣ, ವಾಸನೆ, ಎತ್ತರ, ಮಣ್ಣು, ಊರು, ದಿನಾಂಕ ಇವನ್ನು ಕಿತ್ತ ಜಾಗದಲ್ಲೇ ಬರೆಯಬೇಕು. ಒಣಗಿದ ಮೇಲೆ ಬಣ್ಣ, ವಾಸನೆ ಎರಡೂ ಹೋಗಿರುತ್ತವೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಇವೆ. ಹೀಗೆ ಒಣಗಿಸಿ ತಂದ ಮಾದರಿಯನ್ನು ಗಿಡ ಬಲ್ಲವರ ಮುಂದಿಟ್ಟರೆ ಸಿಗುವ ಉತ್ತರಕ್ಕೂ ಮೊಬೈಲ್ ಫೋಟೊಕ್ಕೆ ಸಿಗುವ ಉತ್ತರಕ್ಕೂ ಹೋಲಿಕೆಯೇ ಇಲ್ಲ. ಕಪ್ಪತಗುಡ್ಡದಲ್ಲಿ ಮಾತ್ರ ಗಿಡ ಕೀಳಬೇಡಿ. 2019ರಿಂದ ಅದು ವನ್ಯಜೀವಿಧಾಮ, ಅಲ್ಲಿ ಫೋಟೊ ಸಾಕು.

ಪತ್ರಿಕೆಯವರಲ್ಲಿ ಕೇಳಿಕೊಳ್ಳುವುದು ಇಷ್ಟು. ಸೊಪ್ಪು, ಮದ್ದಿನ ಗಿಡಗಳ ಲೇಖನ ಹಾಕುವಾಗ ಎಲೆಯ ಚಂದದ ಚಿತ್ರದ ಜೊತೆ ಗೊಂಚಲಿನ ಅಡಿಭಾಗ ಮತ್ತು ಕಾಯಿಯ ಚಿತ್ರವನ್ನೂ ಅಳತೆಯೊಂದಿಗೆ ಹಾಕಿ. ಕನ್ನಡ ಹೆಸರು ಊರಿಂದೂರಿಗೆ ಬದಲಾಗುವುದರಿಂದ ಸಸ್ಯಶಾಸ್ತ್ರದ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಡಿ. ಹೋಲುವ ಗಿಡ ಯಾವುದು, ಎಲ್ಲಿ ತಪ್ಪುತ್ತಾರೆ ಎಂದು ನಾಲ್ಕು ಸಾಲು ಕಡ್ಡಾಯವಾಗಿ ಇರಲಿ. ಅಂತರ್ಜಾಲದಿಂದ ಎತ್ತಿದ ಯುರೋಪಿನ ಗಿಡದ ಚಿತ್ರವನ್ನು ನಮ್ಮ ಗಿಡದ ಲೇಖನಕ್ಕೆ ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಿ.

ಈ ಹಿಂಗಾರಿನಲ್ಲಿ ಕೊತ್ತಂಬರಿ, ಸಬ್ಬಸಗಿ ಹೂವಿಗೆ ಬಂದಾಗ ಶಾಲೆಯ ಮಕ್ಕಳಿಗೆ ಒಂದೊಂದು ಗಿಡ ಕೊಟ್ಟು ಛತ್ರಿ, ಒರೆ, ಕಾಯಿ ಮೂರನ್ನೂ ತೋರಿಸಲು ಒಂದು ತಾಸು ಸಾಕು. ಪಕ್ಕದಲ್ಲಿ ಕಾಂಗ್ರೆಸ್ ಕಸದ ಒಂದು ಟೊಂಗೆಯನ್ನು ಮುಚ್ಚಿದ ಗಾಜಿನ ಸೀಸೆಯಲ್ಲಿಡಿ, ಮಕ್ಕಳ ಕೈಗೆ ಕೊಡಬೇಡಿ.

ಇಂತಿ,
ಒಬ್ಬ ಸಸ್ಯಶಾಸ್ತ್ರ ಅಧ್ಯಾಪಕ
ಧಾರವಾಡ